ಅದಕ್ಕೆಲ್ಲ ಜನ ಇರ್ತಾರೆ

ನನ್ನ ಬಾಯಿಗೆ ಅಂಟಿಕೊಂಡಿದ್ದ ಒಂದು ಮಾತಿತ್ತು: ‘ಅದಕ್ಕೆಲ್ಲ ಜನ ಇರ್ತಾರೆ.’ ಸ್ವೀಡನ್ನಿಗೆ ಬಂದ ಹೊಸದರಲ್ಲಿ, ಸೋಡರ್‌ಟೆಲ್ಯೆಯ ಆಫೀಸಿನಲ್ಲಿ, ಫಿಕಾ ಎನ್ನುವ ಅವರ ಕಾಫಿ ಬಿಡುವಿನಲ್ಲಿ ಕಾಫಿ ಕುಡಿದು ಲೋಟವನ್ನು ಮೇಜಿನ ಮೇಲೇ ಬಿಟ್ಟು ಏಳುತ್ತಿದ್ದೆ. ಅದನ್ನು ದಿನಾ ತೊಳೆದಿಡುತ್ತಿದ್ದದ್ದು ನಮ್ಮ ಮ್ಯಾನೇಜರ್ ಎಂದು ತಿಂಗಳಾದ ಮೇಲೆ ಗೊತ್ತಾಯಿತು. ನಾಚಿಕೆಯೇನೋ ಆಯಿತು. ಆದರೆ ನಾಚಿಕೆಯಾಗುವುದೇ ಬೇರೆ, ಬುದ್ಧಿ ಬರುವುದೇ ಬೇರೆ. ಬುದ್ಧಿ ಬರಲು ನಾನು ಮರುಭೂಮಿಗೇ ಹೋಗಬೇಕಾಯಿತು.

ಸ್ವೀಡನ್ನಿನಲ್ಲಿ ಎಲ್ಲಿಯ ಮರುಭೂಮಿ ಎಂದು ನಗಬೇಡಿ. ಮರುಭೂಮಿಗೆ ಮರಳು ಇರಲೇಬೇಕೆಂದು ನಾನೂ ನಂಬಿದ್ದೆ. ತಿಳಿದವರ ಪ್ರಕಾರ ಹಿಮದ್ದೂ ಉಂಟು, ಬರೀ ಕಲ್ಲಿನದ್ದೂ ಉಂಟು. ಉತ್ತರದ ಬೆಟ್ಟಗಳಲ್ಲಿ ಮರಗಳು ಮುಗಿದ ಮೇಲೆ ಇರುವುದು ಕಲ್ಲು, ಪಾಚಿ ಮತ್ತು ಗಾಳಿ. ಮೊಬೈಲಿನಲ್ಲಿ ಇನ್ನೂ ಗುಂಡಿಗಳಿದ್ದ ಕಾಲ. ಸಿಗ್ನಲ್ ಇಲ್ಲದ ಆ ಜಾಗದಲ್ಲಿ ಅದು ಬರೀ ಗಡಿಯಾರ. ಒಂದು ಆಗಸ್ಟಿನಲ್ಲಿ ನಾನು, ಹೆಂಡತಿ ವೀಣಾ, ಒಂದು ಹೊಸ ಟೆಂಟು, ಅತ್ತೆ ಉಡುಪಿಯಿಂದ ಕಳಿಸಿದ ಒಂದು ಬಾಟಲಿ ಮಿಡಿ ಉಪ್ಪಿನಕಾಯಿ, ಇಷ್ಟು ಹೊರಟೆವು.

ಟೆಂಟು ಮೊದಲ ಸಂಜೆಯೇ ಗಾಳಿಗೆ ಮಗುಚಿಕೊಂಡಿತು. ಪುಣ್ಯಕ್ಕೆ ಹತ್ತಿರದಲ್ಲೇ ದಾರಿಹೋಕರಿಗೆಂದು ಕಟ್ಟಿದ ಮರದ ಗುಡಿಸಲಿತ್ತು. ಬೀಗವೇ ಇಲ್ಲ! ಒಳಗೆ ಒಲೆ, ಪಕ್ಕದ ಪೆಟ್ಟಿಗೆಯ ತುಂಬ ಸೀಳಿದ ಸೌದೆ, ಮೇಲೆ ಬೆಂಕಿಪೊಟ್ಟಣ. ಯಾವ ಪುಣ್ಯಾತ್ಮರೋ ಎಂದುಕೊಂಡು ಅಷ್ಟನ್ನೂ ಉರಿಸಿ ಬೆಚ್ಚಗೆ ಮಲಗಿದೆವು. ಬೆಳಿಗ್ಗೆ ಹೊರಡುವಾಗ ವೀಣಾ ಗೋಡೆಯ ಮೇಲಿನ ಸೂಚನೆ ಓದಿದಳು. ಸ್ವೀಡಿಷ್ ಕ್ಲಾಸಿಗೆ ತಪ್ಪದೆ ಹೋಗುವವಳು ಅವಳು.

“ರೀ, ಮುಂದೆ ಬರೋರಿಗೆ ಸೌದೆ ಒಡೆದಿಟ್ಟು ಹೋಗ್ಬೇಕಂತೆ. ಹಿಂದಿನ ಶೆಡ್ಡಲ್ಲಿ ದಿಮ್ಮಿ ಉಂಟಂತೆ.”

“ಅದಕ್ಕೆಲ್ಲ ಜನ ಇರ್ತಾರೆ, ನೀ ಬಾ ಮಾರಾಯ್ತಿ.”

ಮಧ್ಯಾಹ್ನ ಬ್ರೆಡ್ಡು ಬಿಚ್ಚಿದಾಗ ಉಪ್ಪಿನಕಾಯಿ ಇಲ್ಲ. ಮರೆತದ್ದು ನೀವು, ಅಲ್ಲ ನೀನು ಎಂದು ಜಗಳವಾಡುತ್ತಿರುವಾಗಲೇ ಮಂಜು ಕವಿಯಿತು. ದಾರಿ ತೋರಿಸುವ ಕಂಬಗಳು ಮಾಯವಾದವು. ನಾನು ನಕ್ಷೆಯನ್ನು ಉದ್ದಕ್ಕೂ ಅಡ್ಡಕ್ಕೂ ಹಿಡಿದು, ‘ಹೀಗೇ’ ಎಂದು ಧೈರ್ಯವಾಗಿ ಕೈತೋರಿಸಿದೆ. ಗಂಟೆಗಟ್ಟಲೆ ನಡೆದೆವು. ಹಳ್ಳ ದಾಟುವಾಗ ವೀಣಾ ಜಾರಿ ಸೊಂಟದವರೆಗೆ ನೆನೆದಳು. ಮೊದಲು ನನ್ನನ್ನು ಬೈದಳು, ಆಮೇಲೆ ಬರೀ ನಡುಗಿದಳು, ಆಮೇಲೆ ಮಾತೇ ನಿಂತಿತು. ಅವಳು ಬೈಯುವುದನ್ನು ನಿಲ್ಲಿಸಿದಾಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಅಷ್ಟರಲ್ಲಿ ಮಂಜಿನೊಳಗಿಂದ ಒಂದು ಗುಡಿಸಲು ಮೂಡಿತು. ಎರಡನೆಯ ಗುಡಿಸಲು! ಎಲ್ಲ ಒಂದೇ ಅಚ್ಚಿನವು ಇರಬೇಕು, ನಿನ್ನೆಯದರಂತೆಯೇ ಇತ್ತು. ಅವಳನ್ನು ಒಳಗೆ ತಂದು ಕೂರಿಸಿ ಪೆಟ್ಟಿಗೆಯ ಮುಚ್ಚಳ ಎತ್ತಿದೆ. ತಳದಲ್ಲಿ ಒಂದು ಹಿಡಿ ತೊಗಟೆ ಪುಡಿ, ಅಷ್ಟೇ. ನನಗೆ ತಲೆಕೆಟ್ಟಿತು.

“ಯಾವ ಪಾಪಿ ಮಾರಾಯ್ತಿ ಇಲ್ಲಿದ್ದದ್ದು? ಎಲ್ಲಾ ಉರಿಸಿ ಹೋಗಿದ್ದಾನೆ! ಮನುಷ್ಯನಾ ಅವನು?”

ವೀಣಾ ಕಿಟಕಿಯ ಕಡೆ ಬೆರಳು ತೋರಿಸಿದಳು. ಅಲ್ಲಿ ನಮ್ಮ ಮಿಡಿ ಉಪ್ಪಿನಕಾಯಿ ಬಾಟಲಿ ಕೂತಿತ್ತು.

ಇಡೀ ದಿನ ನಡೆದು ನಾನು ಬಂದು ಸೇರಿದ್ದು ನನ್ನ ಹತ್ತಿರವೇ. ಆ ಪಾಪಿಯನ್ನು ಬೈಯುವಂತೆಯೂ ಇರಲಿಲ್ಲ, ಬೇಕಾದಷ್ಟು ಬೈದಾಗಿತ್ತು.

ಒಣ ಬಟ್ಟೆ, ಎರಡೂ ಸ್ಲೀಪಿಂಗ್ ಬ್ಯಾಗು ಅವಳಿಗೆ ಕೊಟ್ಟು ಶೆಡ್ಡಿಗೆ ಓಡಿದೆ. ಕೊಡಲಿ ಹಿಡಿದವನಲ್ಲ ನಾನು. ಮರಗಟ್ಟಿದ ಬೆರಳುಗಳಲ್ಲಿ ದಿಮ್ಮಿ ಕೊಯ್ದು, ಸೀಳಿ, ಅಂಗೈಗೆಲ್ಲ ಸಿಬಿರು ಚುಚ್ಚಿಸಿಕೊಂಡು ಒಂದು ತೆಕ್ಕೆಯಷ್ಟು ತರುವ ಹೊತ್ತಿಗೆ ಅಳುವೇ ಬಂದಿತ್ತು. ಬೆಂಕಿ ಹತ್ತಿತು. ಬಹಳ ಹೊತ್ತಿನ ಮೇಲೆ ಅವಳ ತುಟಿಗೆ ಬಣ್ಣ ಬಂತು.

“ಜನ ಇರ್ತಾರೆ ಅಂದ್ರಲ್ಲ,” ಎಂದಳು, “ಎಲ್ಲಿ?”

ಆ ಬೈಗುಳ ಕೇಳಿ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಬೆಳಿಗ್ಗೆ ನಾನು ಪೆಟ್ಟಿಗೆ ತುಂಬಿಸಿದೆ. ತುಂಬಿದ ಮೇಲೂ ಸೀಳುತ್ತಲೇ ಇದ್ದೆ. ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದ ವೀಣಾ, “ಸಾಕು ಮಾರಾಯ್ರೆ, ಮುಂದೆ ಬರೋರು ಯಾರೋ ಏನೋ,” ಎಂದಳು.

ನಾನು ಹೊರಗೆ ನೋಡಿದೆ. ಮಂಜು ಪೂರ್ತಿ ಹರಿದಿರಲಿಲ್ಲ. ನಕ್ಷೆ ನನ್ನ ಕೈಯಲ್ಲೇ ಇತ್ತು. ಇನ್ನೆರಡು ಸೌದೆ ಸೀಳಿಟ್ಟೆ.