ಮೆರವಣಿಗೆ ಕಾರಿನ ಎಂಜಿನ್

ಹಿಂದೂಪುರದ ಮೇಸ್ತ್ರಿಯ ಶೆಡ್ಡಿನಲ್ಲಿ ನಮ್ಮ ಕೆಂಪು ಕಾರಿನ ಎಂಜಿನ್ ಒಂದು ಹಳೆಯ ಟೈರಿನ ಮೇಲೆ ಕೂತಿತ್ತು. ಹೆಡ್ಡು ಒಂದು ಮೂಲೆಯಲ್ಲಿ, ಪಿಸ್ಟನ್‌ಗಳು ಡೀಸೆಲ್ ತುಂಬಿದ ಬೋಗುಣಿಯಲ್ಲಿ. ಕಾರು ಬಾನೆಟ್ ತೆರೆದುಕೊಂಡು ಗೋಡೆಯ ಪಕ್ಕ ನಿಂತಿತ್ತು. ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ ಬೆಳಿಗ್ಗೆಯಿಂದ ಕೇಳುತ್ತಿದ್ದ ಪ್ರಶ್ನೆಯನ್ನೇ ಮತ್ತೆ ಕೇಳಿದರು.

“ಚೆಪ್ಪಪ್ಪಾ, ಹೇಳು. ಇದನ್ನೇ ಬೋರ್ ಹೊಡ್ಸಿ ರಿಪೇರಿ ಮಾಡೋದಾ, ಇಲ್ಲ ಆ ಜೀಪಿನ ಡೀಸೆಲ್ ಎಂಜಿನ್ ಎತ್ತಿ ಇದಕ್ಕೆ ಕೂರ್ಸೋದಾ? ನಿಮ್ಮಾವನ್ನ ಕೇಳಿದ್ರೆ ಅಳಿಯನ್ನ ಕೇಳು ಅಂತಾರೆ.”

ನನಗೆ ಸಿಟ್ಟು ಬಂತು. ಮನೆಗೆ ಯಾವ ಬಣ್ಣ ಬಳಿಯಬೇಕು, ನನ್ನ ಅಂಗಿಗೆ ಯಾವ ಬಟ್ಟೆ ತರಬೇಕು ಎಂಬುದನ್ನೂ ನನ್ನನ್ನು ಕೇಳದ ಮನುಷ್ಯ, ಇದೊಂದನ್ನು ಮಾತ್ರ ನನ್ನ ತಲೆಗೆ ಕಟ್ಟಿದ್ದರು.

ಮಾವ ಎಂದರೆ ನನ್ನ ಅವ್ವನ ಸ್ವಂತ ತಮ್ಮ. ಮಗಳನ್ನು ಕೊಟ್ಟಿದ್ದರಿಂದ ಎರಡು ಕಡೆಯಿಂದಲೂ ಮಾವ. ಅವರಿಗೆ ಗಂಡುಮಕ್ಕಳಿಲ್ಲ. ಹಾಗಾಗಿ ಮದುವೆಯಾದ ದಿನದಿಂದ ನಾನು ಕಲ್ಯಾಣದುರ್ಗದ ಅವರ ಮನೆಯಲ್ಲೇ ಮನೆಅಳಿಯ. ಬೇರೆ ಅಳಿಯಂದಿರು ಮುನಿಸಿಕೊಂಡರೆ ತಮ್ಮ ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳಬಹುದು. ನಾನು ಮುನಿಸಿಕೊಂಡರೆ ಹೋಗಬೇಕಾದದ್ದು ಅವ್ವನ ಹತ್ತಿರ, ಅವ್ವ ಯಾವತ್ತೂ ತಮ್ಮನ ಪರ. ಕ್ರಮೇಣ ಮುನಿಸಿಕೊಳ್ಳುವುದನ್ನೇ ಬಿಟ್ಟೆ.

ಮಾವನದು ಶಾಮಿಯಾನದ ವ್ಯಾಪಾರ. ಕುರ್ಚಿ, ಪಾತ್ರೆ, ಸೀರಿಯಲ್ ಲೈಟು, ಎಲ್ಲವೂ ಇದ್ದವು. ಬೆಂಗಳೂರಿನಲ್ಲಿ ಯಾರೋ ಶ್ರೀಮಂತರು ಬೇಡವೆಂದು ಬಿಟ್ಟಿದ್ದ ಎರಡೇ ಸೀಟಿನ, ಮೇಲ್ಛಾವಣಿ ಮಡಚುವ ಈ ಕೆಂಪು ಸ್ಪೋರ್ಟ್ಸ್ ಕಾರನ್ನು ಒಂದು ದಿನ ಲಾರಿಯಲ್ಲಿ ಹಾಕಿಸಿಕೊಂಡು ಬಂದರು. ಸುತ್ತಲ ಊರುಗಳಲ್ಲಿ ಅಂಥ ಕಾರಿರಲಿಲ್ಲ. ಹುಡುಗ ಹುಡುಗಿ ಸೀಟಿನಲ್ಲಿ ಕೂತರೆ ಜನಕ್ಕೆ ಕಾಣುವುದಿಲ್ಲವೆಂದು, ಮಡಚಿದ ಛಾವಣಿಯ ಮೇಲೆ ದಿಂಬು ಹಾಸಿ ಅವರನ್ನು ಎತ್ತರಕ್ಕೆ ಕೂರಿಸುತ್ತಿದ್ದೆವು. ಕಾಲು ಇಡಲು ಪಕ್ಕದ ಸೀಟು. ಮುಂದೆ ಬ್ಯಾಂಡ್‌ಸೆಟ್ಟು, ಅದರ ಮುಂದೆ ಕುಣಿಯುವ ನೆಂಟರು. ಗಾಳಿಯನ್ನು ಸೀಳಿಕೊಂಡು ಹೋಗಲೆಂದು ಯಾರೋ ಮಾಡಿದ ಎಂಜಿನ್ನು ನಮ್ಮಲ್ಲಿ ತಮಟೆಯ ಹಿಂದೆ ಅಂಬೆಗಾಲಿಡುತ್ತಿತ್ತು.

ಅದನ್ನು ಹಾಗೆ ನಡೆಸುವುದು ನನಗೊಬ್ಬನಿಗೇ ಬರುತ್ತಿತ್ತು. ಕ್ಲಚ್ಚನ್ನು ಅರ್ಧದಲ್ಲಿ ಹಿಡಿದು ಕೂರಬೇಕು, ಕಾಲು ಸ್ವಲ್ಪ ನಡುಗಿದರೂ ಕಾರು ಎಗರುತ್ತದೆ. ಜೀಪು ಸ್ಟ್ಯಾಂಡಿನ ಡ್ರೈವರೊಬ್ಬ ಒಮ್ಮೆ ಕೂತು ನೋಡಿದ. ಮದುಮಗ ಬಾಸಿಂಗದ ಸಮೇತ ಅವನ ತೊಡೆಯ ಮೇಲೆ ಬಿದ್ದ. ಆಮೇಲೆ ಯಾರೂ ಆ ಸೀಟಿನ ಹತ್ತಿರ ಬರಲಿಲ್ಲ. ನಾನು ಮನೆ ಬಿಡುವ ಮಾತೆತ್ತಿದಾಗಲೆಲ್ಲ ಮಾವ, “ಈ ಸೀಜನ್ ಒಂದು ಮುಗೀಲಿ ಕಣ್ಲಾ, ಆಮೇಲ್ ನೋಡಾನ” ಎನ್ನುವರು. ನಮ್ಮ ಕಡೆ ಮದುವೆಯ ಸೀಜನ್ ಮುಗಿಯುತ್ತಿದ್ದಂತೆ ಗೃಹಪ್ರವೇಶದ್ದು ಶುರುವಾಗುತ್ತದೆ.

ಎಂಜಿನ್ ಸತ್ತದ್ದು ಹೂವಿನಿಂದ. ಮೆರವಣಿಗೆಗೆ ಮೊದಲು ಹುಡುಗಿಯ ಸೋದರಮಾವ ಕಾರಿನ ಮೂತಿಗೆ ಚೆಂಡುಹೂವಿನ ಪರದೆ ಕಟ್ಟುತ್ತಾನೆ. ಅವನು ಕಟ್ಟಿದ್ದನ್ನು ಹುಡುಗಿ ಹೊಸ್ತಿಲು ದಾಟುವವರೆಗೂ ಯಾರೂ ಬಿಚ್ಚಬಾರದು. ಪರದೆ ದಪ್ಪವಾದಷ್ಟೂ ಸೋದರಮಾವನಿಗೆ ಮರ್ಯಾದೆ. ಅದರ ಹಿಂದೆ ರೇಡಿಯೇಟರ್ ಎಂಬುದೊಂದಿದೆ, ಅದಕ್ಕೂ ಉಸಿರಾಡಬೇಕು ಎಂದು ನಾನು ಎಷ್ಟು ಸಲ ಹೇಳಿದ್ದೆನೋ. ಆ ಸಂಜೆ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಏರಿದ್ದು ನೋಡಿ ಕಾರು ನಿಲ್ಲಿಸಿದೆ, ಇಳಿದು ಹೂವನ್ನು ಸ್ವಲ್ಪ ಸರಿಸಲು ಹೋದೆ. ಹುಡುಗಿಯ ಸೋದರಮಾವ ನನ್ನ ಕೈ ಹಿಡಿದುಕೊಂಡ.

“ಕಟ್ಟಿದ್ ಹೂವು ಕಣಪ್ಪ. ಮುಟ್ಬ್ಯಾಡ.”

“ಅಣ್ಣಾ, ಎಂಜಿನ್ ಹೋಯ್ತದೆ.”

“ಎಂಜಿನ್ ಇನ್ನೊಂದು ಬತ್ತದೆ. ನನ್ ಸೊಸೆಗೆ ಇದು ಒಂದೇ ಮದ್ವೆ.”

ಕೈ ಬಿಡಿಸಿಕೊಂಡೆ. ಮತ್ತೆ ಹತ್ತಿ ಕೂತೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಒಳಗೆ ಏನೋ ಕಡಕ್ಕೆಂದಿತು, ಎಂಜಿನ್ ಜಾಮಾಯಿತು. ಶುಭಕಾರ್ಯ ನಿಲ್ಲಬಾರದೆಂದು ಕಡಲೆಕಾಯಿ ಹೊಡೆಯುವ ಟ್ರ್ಯಾಕ್ಟರೊಂದನ್ನು ತಂದು ಹಗ್ಗ ಕಟ್ಟಿ ಎಳೆದರು. ನಾನು ಸ್ಟೇರಿಂಗ್ ಹಿಡಿದುಕೊಂಡು, ಅವರು ಎಳೆದ ಕಡೆಗೆ ಹೋದೆ. ಮೇಲೆ ಕೂತಿದ್ದ ಹುಡುಗಿ ಮಾತ್ರ ಸೆಕೆಗೆ ಬೀಸಣಿಗೆ ಕೇಳಿದಳು. ಅವಳಿಗೆ ಅದು ಸಿಕ್ಕಿತೋ ಇಲ್ಲವೋ ನೆನಪಿಲ್ಲ.

ಹೀಗೆ ಕಾರು ಹಿಂದೂಪುರದ ಮಂಡಿಗೆ ಹೊರಟಿದ್ದ ಹುಣಸೆಹಣ್ಣಿನ ಲಾರಿಯ ಹಿಂಬದಿ ಸೇರಿ ಮೇಸ್ತ್ರಿಯ ಶೆಡ್ಡಿಗೆ ಬಂತು. ಜೊತೆಗೆ ನಾನೂ ಬಂದೆ.

ಮೇಸ್ತ್ರಿ ವಿವರಿಸಿದ್ದು ಸರಳವಾಗಿತ್ತು. ಹಳೆಯದನ್ನೇ ಸರಿಮಾಡಬೇಕೆಂದರೆ ಬಗ್ಗಿದ ಹೆಡ್ಡನ್ನು ಲೇತಿಗೆ ಕೊಡಬೇಕು, ಪಿಸ್ಟನ್ನು ಹೊರದೇಶದಿಂದ ಬರುವವರೆಗೆ ಕಾಯಬೇಕು. ಕಾರು ಮೊದಲಿನ ಹಾಗೇ ಆಗುತ್ತದೆ, ಅಂದರೆ ನನ್ನೊಬ್ಬನ ಕಾಲಿಗೇ ಬಗ್ಗುವ ಕಾರು. ಜೀಪಿನ ಎಂಜಿನ್ ಆದರೆ ಗೇರ್‌ಬಾಕ್ಸ್ ಸಮೇತ ಎದುರಿಗೇ ಇದೆ. ಬಾನೆಟ್ಟು ಸ್ವಲ್ಪ ಎತ್ತರಿಸಿ, ಕೆಳಗೆ ವೆಲ್ಡಿಂಗ್ ಮಾಡಿ ಕೂರಿಸಬಹುದು. ದಿನವಿಡೀ ತೆವಳಿದರೂ ಬಿಸಿಯಾಗದು, ಯಾವ ಜೀಪಿನವನಾದರೂ ಓಡಿಸಬಹುದು. ಆದರೆ ಸ್ಪೋರ್ಟ್ಸ್ ಕಾರು ಎನ್ನುವುದು ಬಣ್ಣಕ್ಕೆ ಮಾತ್ರ.

ನನಗೆ ಬೇಕಾಗಿದ್ದದ್ದು ಜೀಪಿನ ಎಂಜಿನ್ನೇ ಅಲ್ಲವೇ? ಯಾರು ಬೇಕಾದರೂ ಓಡಿಸಬಹುದಾದ ಮೇಲೆ ನನ್ನನ್ನು ಕಟ್ಟಿಹಾಕಲು ಮಾವನಿಗೆ ನೆಪವೇ ಇರುವುದಿಲ್ಲ. ಹಿಂದೂಪುರದಲ್ಲೇ ಉಳಿಯಬಹುದು, ಒಂದು ಕೋಣೆ, ಒಂದು ಸ್ಟೋವು. ಆದರೂ ಬಾಯಿ ಬರುತ್ತಿರಲಿಲ್ಲ. ಕಾರಣ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಮದುಮಕ್ಕಳನ್ನು ಇಳಿಸಿ ಬರುವಾಗ ಕೆಲವು ಸಲ ನಾನು ಮನೆಯ ದಾರಿ ಬಿಟ್ಟು ಸೆಟ್ಟೂರಿನ ಕಡೆಗೆ ತಿರುಗಿಸುತ್ತಿದ್ದೆ. ಆ ನೇರ ರಸ್ತೆಯಲ್ಲಿ ಕುರಿ ಮಂದೆ ಬಿಟ್ಟರೆ ಅಡ್ಡ ಬರುವವರಿಲ್ಲ. ಅಲ್ಲಿ ಕಾಲೊತ್ತಿದರೆ ಆ ಎಂಜಿನ್ ದನಿ ಬದಲಿಸುತ್ತಿತ್ತು, ಎದೆ ಹಗುರವಾಗುತ್ತಿತ್ತು. ಆ ಮನೆಯಲ್ಲಿ ನನ್ನದು ಎನ್ನುವುದು ಅದೊಂದೇ ಇತ್ತು. ಬಿಡುಗಡೆ ಬೇಕಾದರೆ ಅದನ್ನು ಗುಜರಿಗೆ ಹಾಕಬೇಕು, ಅದು ಬೇಕಾದರೆ ಅಂಬೆಗಾಲಿಡಬೇಕು. ಟೈರಿನ ಮೇಲೆ ಕೂತಿದ್ದ ಎಂಜಿನ್ನನ್ನು ನೋಡುತ್ತಾ, ಟೀಯ ಮೇಲೆ ಟೀ ಕುಡಿಯುತ್ತಾ ನಾನು ಮೇಸ್ತ್ರಿಯ ತಾಳ್ಮೆ ಪರೀಕ್ಷಿಸಿದೆ.

ಮಧ್ಯಾಹ್ನದ ಬಸ್ಸಿಗೆ ನನ್ನ ಹೆಂಡತಿ ಬಂದಳು. ಭುಜದಲ್ಲೊಂದು ವ್ಯಾನಿಟಿ ಬ್ಯಾಗು, ಉಟ್ಟ ಸೀರೆ, ಅಷ್ಟೇ. ಶೆಡ್ಡಿನ ಬಾಗಿಲಲ್ಲಿ ನಿಂತು ಎಂಜಿನ್ನನ್ನೂ ನನ್ನನ್ನೂ ನೋಡಿದಳು. ಸೋದರತ್ತೆಯ ಮಗನಾದ್ದರಿಂದ ನಾನು ಅವಳಿಗೆ ಚಿಕ್ಕಂದಿನಿಂದಲೂ ಬಾವ.

“ಏನ್ ಬಾವ, ಇನ್ನೂ ತೀರ್ಮಾನ ಆಗ್ಲಿಲ್ವಾ?”

“ಪಿಸ್ಟನ್ ಬರೋಕೆ ತಡ ಆಯ್ತದಂತೆ” ಎಂದೆ.

“ನಾನು ಇಲ್ಲಿ ಗಾರ್ಮೆಂಟ್ಸ್‌ನಲ್ಲಿ ಮಾತಾಡ್ಕಂಡ್ ಬಂದೆ. ಸೋಮವಾರ ಬಾ ಅಂದವ್ರೆ. ಬೀದಿ ಕೊನೇಲಿ ಒಂದ್ ರೂಮೂ ನೋಡ್ದೆ.” ಬ್ಯಾಗನ್ನು ಭುಜದಿಂದ ಇಳಿಸಿ ಹೇಳಿದಳು. “ನೀನು ಯಾವ್ ಎಂಜಿನ್ ಆದ್ರೂ ಹಾಕ್ಸು. ನಾನಂತೂ ವಾಪಸ್ ಹೋಗಲ್ಲ.”

ಹೊಡೆದ ಹಾಗಾಯಿತು. ನಾನು ಎಂಜಿನ್ನಿನಲ್ಲಿ ಹುಡುಕುತ್ತಿದ್ದದ್ದನ್ನು ಅವಳು ಬಸ್ಸು ಹತ್ತಿ ಬಂದು ತೀರ್ಮಾನಿಸಿದ್ದಳು. ಅವಳ ಮೇಲೆ ಹೆಮ್ಮೆಯೂ ಅಸೂಯೆಯೂ ಒಟ್ಟಿಗೇ ಬಂದವು. ಅಸೂಯೆಯೇ ಒಂದು ಕೈ ಮೇಲಿತ್ತು.

ಅಲ್ಲಿಂದಲೇ ಮಾವನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ.

“ಮಾವಾ, ಡೀಸೆಲ್ ಎಂಜಿನ್ನೇ ಕೂರ್ಸಾನ.”

“ಒಳ್ಳೇದಾಯ್ತು ಕಣ್ಲಾ. ನಾನೂ ಅದೇ ಅನ್ಕಂಡಿದ್ದೆ. ಮುಂದಿನ್ ತಿಂಗ್ಳು ಒಪ್ಕಂಡಿರೋವು ಬೇಜಾನ್ ಅವೆ.”

“ಓಡ್ಸೋಕೆ ಜೀಪ್ ಸ್ಟ್ಯಾಂಡಿಂದ ಯಾರ್ನಾದ್ರೂ ಕರ್ಕಳ್ಳಿ ಮಾವ. ನಾವ್ ಇಬ್ರೂ ಇಲ್ಲೇ ಇರ್ತೀವಿ.”

ಆ ಕಡೆ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸುವ ಸದ್ದು ಮಾತ್ರ ಕೇಳುತ್ತಿತ್ತು. ಇಷ್ಟು ವರ್ಷ ನಾನು ಈ ಗಳಿಗೆಗಾಗಿ ಎಷ್ಟೊಂದು ಜಗಳಗಳನ್ನು ಮನಸ್ಸಿನಲ್ಲೇ ಆಡಿ ಸಿದ್ಧನಾಗಿದ್ದೆ. ಬೈದರೆ ಏನನ್ನಬೇಕು, ಅವ್ವನ ಹೆಸರೆತ್ತಿದರೆ ಏನನ್ನಬೇಕು, ಎಲ್ಲಾ ಬಾಯಲ್ಲೇ ಇತ್ತು.

“ಊಟ ಮಾಡಿದ್ರಾ ಇಬ್ರೂ?” ಎಂದರು ಮಾವ.

“ಇನ್ನೂ ಇಲ್ಲ.”

“ಉಣ್ಣೋಗಿ ಮೊದ್ಲು. ಹೊತ್ತಾಯ್ತು.” ಫೋನ್ ಇಟ್ಟರು.

ಹೆಂಡತಿ ನಕ್ಕಳು. ಇಷ್ಟೇನಾ, ಇದಕ್ಕಾ ಇಷ್ಟು ವರ್ಷ ಹೆದರಿದ್ದು ಎಂದಳು. ನನಗೆ ನಗು ಬರಲಿಲ್ಲ. ಮಾವ ಕೂಗಾಡಿದ್ದರೆ ನಿಶ್ಚಿಂತೆಯಿಂದ ಊಟ ಮಾಡುತ್ತಿದ್ದೆ.

ಮೇಸ್ತ್ರಿ ಜೀಪಿನ ಎಂಜಿನ್ ಕೂರಿಸಿದರು. ಸ್ಟಾರ್ಟ್ ಮಾಡಿದಾಗ ಕಾರು ಬಾಡಿಯೆಲ್ಲ ನಡುಗಿಸಿಕೊಂಡು ಗೊಡಗೊಡ ಎಂದಿತು. ಹಳೆಯದನ್ನು ಗುಜರಿಯವನು ತಳ್ಳುಗಾಡಿಯಲ್ಲಿ ತೆಗೆದುಕೊಂಡು ಹೋಗುವಾಗ ನಾನು ಟೀ ತರುವ ನೆಪ ಮಾಡಿ ಆಚೆ ಹೋದೆ. ಅಷ್ಟರಲ್ಲಿ ಹೆಂಡತಿ ಕೆಲಸಕ್ಕೆ ಸೇರಿ, ನಾವು ಬೀದಿ ಕೊನೆಯ ಕೋಣೆಯಲ್ಲಿದ್ದೆವು. ಅವಳು ಒಂದು ಸೀರೆಯನ್ನು ಒಗೆದು ಇನ್ನೊಂದನ್ನು, ಇಲ್ಲೇ ಕೊಂಡದ್ದನ್ನು, ಉಡುತ್ತಿದ್ದಳು.

ಕಾರು ಒಯ್ಯಲು ಕಲ್ಯಾಣದುರ್ಗದಿಂದ ಜೀಪಿನ ಡ್ರೈವರ್ ಬಂದ. ಕೀಲಿ ಕೊಟ್ಟೆ. ಗೇರು ಹಾಕಿ, ಒಂದು ಕೈಯಲ್ಲೇ ತಿರುಗಿಸಿಕೊಂಡು, ಯಾವ ತೊಂದರೆಯೂ ಇಲ್ಲದೆ ಹೊರಟ. ಹೊರಡುವ ಮುಂಚೆ, ತಂದಿದ್ದ ಒಂದು ದೊಡ್ಡ ಚೀಲವನ್ನು ನನ್ನ ಕೈಗೆ ಕೊಟ್ಟು ಹೇಳಿದ್ದ.

“ನಿಮ್ಮಾವ ಕೊಟ್ರು ಅಣ್ಣಾ. ಅವರೇ ಕೂತು ಜೋಡ್ಸವ್ರೆ.”

ಕೋಣೆಗೆ ತಂದು ಇಬ್ಬರೂ ಬಿಚ್ಚಿದೆವು. ಮೇಲೆ ನನ್ನ ಅಂಗಿಗಳು, ಇಸ್ತ್ರಿ ಮಾಡಿದ್ದವು. ಆಮೇಲೆ ಪ್ಯಾಂಟು, ಪಂಚೆ, ಸ್ವೆಟರು, ಗಡ್ಡ ಕೆರೆಯುವ ಸಾಮಾನು. ಬಚ್ಚಲಿನ ತಂತಿಯ ಮೇಲೆ ಒಣಹಾಕಿದ್ದ ಟವಲನ್ನೂ ಬಿಟ್ಟಿರಲಿಲ್ಲ. ಹಬ್ಬಕ್ಕೆ ಹೋದರೆ ಉಟ್ಟುಕೊಳ್ಳಲೆಂದು ಒಂದು ಪಂಚೆಯನ್ನೂ ಆ ಮನೆಯಲ್ಲಿ ನನಗಾಗಿ ಉಳಿಸಿರಲಿಲ್ಲ. ಮಾವ ಬೈಯಬೇಕಾದದ್ದನ್ನೆಲ್ಲ ಮಡಚಿ ಕಳಿಸಿದ್ದರು.

ಹೆಂಡತಿ ಚೀಲದ ತಳದವರೆಗೂ ಕೈ ಹಾಕಿದಳು. ಆಮೇಲೆ ಚೀಲವನ್ನು ತಲೆಕೆಳಗು ಮಾಡಿ ಕೊಡವಿದಳು. ಅವಳದು ಒಂದು ರವಿಕೆಯೂ ಇರಲಿಲ್ಲ.

“ನಂದು ಒಂದೂ ಕಳ್ಸಿಲ್ಲ” ಎಂದಳು. ನನ್ನ ಅಂಗಿಗಳ ನಡುವೆ ನೆಲದ ಮೇಲೆ ಕೂತುಕೊಂಡಳು. ಒಂದು ಅಂಗಿಯನ್ನು ಮತ್ತೆ ಮಡಚುತ್ತಾ, ನನ್ನನ್ನು ನೋಡದೆ, “ಭಾನುವಾರ ರಜಾ ಐತೆ. ಒಬ್ಳೇ ಹೋಗಿ ತಗಂಡ್ ಬಂದ್ಬುಡ್ತೀನಿ ಬಾವ” ಎಂದಳು.

ಹೂಂ ಎಂದೆ. ಮಾವ ಮಗಳ ಬಟ್ಟೆ ಉಳಿಸಿಕೊಂಡದ್ದು ಅವಳು ಹೀಗೆ ಬರಲೆಂದೇ ಎಂದು ಗೊತ್ತಿದ್ದೂ, ಖಾಲಿ ಚೀಲವನ್ನು ಮಡಚಿ ಅವಳ ಪಕ್ಕ ಇಟ್ಟೆ.