ನಾಲ್ಕು ಗಂಟೆಯ ಪ್ರಯಾಣ

ವಿಜಯನಗರದ ನಮ್ಮ ಕಂಪ್ಯೂಟರ್ ಅಂಗಡಿಗೆ ವಾರಕ್ಕೆ ಮೂರು ಸಲ ತಪ್ಪದೆ ಬಂದರೂ ಚನ್ನಮಲ್ಲಪ್ಪನವರು ಇದುವರೆಗೆ ಒಂದು ಚಾರ್ಜರನ್ನೂ ಕೊಂಡವರಲ್ಲ. ಪ್ರಯಾಣಕ್ಕೆ ಟ್ಯಾಬ್ ಒಳ್ಳೆಯದೋ ಲ್ಯಾಪ್‌ಟಾಪ್ ಒಳ್ಳೆಯದೋ ಎಂಬ ಅವರ ವಿಚಾರಣೆ ಕೋರ್ಟಿನ ಕೇಸಿನಂತೆ ಎರಡು ತಿಂಗಳಿಂದ ಮುಂದಕ್ಕೆ ಹೋಗುತ್ತಲೇ ಇತ್ತು. ಹೆಗಲ ಚೀಲದಲ್ಲಿ ಸದಾ ಒಂದು ಉಣ್ಣೆಯ ಹೊದಿಕೆ. ಅದರ ಪಕ್ಕಕ್ಕೆ ಎರಡನ್ನೂ ತೂರಿಸಿ ನೋಡುತ್ತಿದ್ದರು. ಬಲಗೈಯೊಂದರಲ್ಲೇ ಲ್ಯಾಪ್‌ಟಾಪ್ ತೆರೆಯಲು ಹೋಗಿ, ಮುಚ್ಚಳದ ಜೊತೆ ಇಡೀ ಯಂತ್ರವೇ ಮೇಲೆದ್ದರೆ, "ಇದು ಬಾಯೇ ಬಿಡಲ್ಲ ಕಣ್ರೀ" ಎಂದು ಅದನ್ನೇ ಬೈಯುತ್ತಿದ್ದರು. "ಬ್ಯಾಟರಿ ನಾಲ್ಕು ಗಂಟೆ ಬರುತ್ತಾ?" "ಹತ್ತು ಬರುತ್ತೆ ಸಾರ್." "ಹತ್ತು ಬೇಡ, ನಾಲ್ಕು ಸಾಕು." ಮೈಸೂರಿಗೆ ಬಸ್ಸಿನಲ್ಲಿ ನಾಲ್ಕು ಗಂಟೆಯೆಂದು ಲೆಕ್ಕ ಹಾಕಿ ನಾವು ಅವರಿಗೆ 'ಮೈಸೂರು ಸಾರ್' ಎಂದೇ ಹೆಸರಿಟ್ಟಿದ್ದೆವು. ನಿನ್ನೆ ನಾನೇ ತಡೆಯಲಾರದೆ, "ಎರಡೂ ಕೈ ಹಾಕಿ ಸಾರ್" ಎಂದು ಅವರ ಎಡಗೈ ಹಿಡಿದೆ. ಅಂಗಿಯ ತೋಳು ಮೇಲೆ ಸರಿದು, ಹಗ್ಗದಂತೆ ಉಬ್ಬಿದ ನರವೂ ಅದರುದ್ದಕ್ಕೂ ಸೂಜಿ ಚುಚ್ಚಿದ ಗುರುತುಗಳೂ ಕಂಡವು. "ಈ ಕೈ ಡಯಾಲಿಸಿಸ್‌ಗೆ ಕಣ್ರೀ. ನಿಮ್ಮ ಮೇಲಿನ ಮಹಡೀಲೇ ಮಾಡ್ತಾರೆ. ನಾಲ್ಕು ಗಂಟೆ ಅಲ್ಲಾಡಿಸೋ ಹಾಗಿಲ್ಲ. ನನ್ನ ಪ್ರಯಾಣ ಅಂದ್ರೆ ಅಷ್ಟೇ" ಎಂದರು. ಆ ಕೈ ಬಿಟ್ಟು ಟ್ಯಾಬನ್ನು ಅವರ ಬಲಗೈಗಿಟ್ಟೆ. ಬಾಯಿ ಮಾತ್ರ ಅಭ್ಯಾಸಬಲದಿಂದ, "ಒಂದು ವರ್ಷ ವಾರಂಟಿ ಸಾರ್, ಬೇಕಿದ್ರೆ ಮೂರು ವರ್ಷಕ್ಕೆ ಮಾಡಿಸ್ಕೋಬಹುದು" ಎಂದುಬಿಟ್ಟಿತು. "ಮೂರು ಬೇಡ," ಎಂದರು ಚನ್ನಮಲ್ಲಪ್ಪನವರು, "ಒಂದು ಸಾಕು."