ಹೆದರುವವರಿಗೆ ಎದುರಾಗಿ ಕೂರುವ ನೆವೆಂಕಾ

ಝಾಗ್ರೆಬ್‌ನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಡುಬ್ರೊವ್ನಿಕ್‌ಗೆ ಹೊರಡುವ ಮೊದಲ ವಿಮಾನದ ಬಾಗಿಲಲ್ಲಿ ನಿಂತು ನೆವೆಂಕಾ ಬಾರಿಚ್ ಒಬ್ಬೊಬ್ಬರನ್ನೂ ಒಳಗೆ ಕರೆದುಕೊಳ್ಳುತ್ತಿದ್ದಾರೆ. ರೆಕ್ಕೆಗಳಲ್ಲಿ ಫ್ಯಾನು ತಿರುಗುವ ಸಣ್ಣ ವಿಮಾನ, ಒಂದು ಗಂಟೆಯೂ ಹಿಡಿಯದ ಹಾರಾಟ. ತುಟಿಗೆ ಬಣ್ಣ, ಕತ್ತಿಗೆ ನೀಲಿ ಸ್ಕಾರ್ಫು, ಮುಖದ ತುಂಬ ನಗು. ಬೆನ್ನ ಹಿಂದಿನ ಕೈಗಳು ಮಾತ್ರ ಬೆರಳು ಬಿಳಿಚುವಷ್ಟು ಗಟ್ಟಿಯಾಗಿ ಒಂದನ್ನೊಂದು ಹಿಡಿದಿವೆ. ಕರಾವಳಿಯಲ್ಲಿ ಬೂರಾ ಎದ್ದಿದೆ ಎಂದು ಕ್ಯಾಪ್ಟನ್ ಈಗಷ್ಟೇ ಹೇಳಿ ಹೋಗಿದ್ದಾರೆ.

ಬೆಟ್ಟ ಇಳಿದು ಸಮುದ್ರದ ಮೇಲೆ ಎರಗುವ ಆ ಚಳಿಗಾಳಿಗೆ ಮೋಡ ಬೇಕಿಲ್ಲ, ಮಳೆ ಬೇಕಿಲ್ಲ. ತೊಳೆದಿಟ್ಟಂಥ ನೀಲಿ ಆಕಾಶದಲ್ಲೇ ವಿಮಾನವನ್ನು ಮೊರದಲ್ಲಿ ಹಾಕಿ ಕೇರುತ್ತದೆ.

“ತೆತಾ, ಇವತ್ತು ಕಾಫಿ ಕೊಡೋದು ಬೇಡ್ವಂತೆ. ಜನರ ಮಡಿಲಿಗೇ ಚೆಲ್ಲುತ್ತಂತೆ,” ಎನ್ನುತ್ತಾಳೆ ಹಿಂದಿನ ಬಾಗಿಲು ನೋಡಿಕೊಳ್ಳುವ ತಿಹಾನಾ. ಚಿಕ್ಕಮ್ಮನನ್ನು ಕರೆದಂತೆ ಕಿರಿಯರೆಲ್ಲ ನೆವೆಂಕಾರನ್ನು ತೆತಾ ಎಂದೇ ಕರೆಯುವುದು.

“ಚೆಲ್ಲಿದ್ರೆ ಚೆಲ್ಲಲಿ ಬಿಡೇ, ಬೆಚ್ಚಗಾದ್ರೂ ಇರ್ತಾರೆ.” ನಗು ಹಾಗೇ ಇದೆ. ಬಾಯಿ ಒಣಗಿದೆ.

ವಿಂಕೊವ್ಸಿಯ ಬಯಲಲ್ಲಿ ರೈಲು ನೋಡುತ್ತ ಬೆಳೆದವರು ನೆವೆಂಕಾ. ಈಗ ಐವತ್ತು ದಾಟಿದೆ, ಗಗನಸಖಿಯ ಕೆಲಸಕ್ಕೆ ಸೇರಿ ಇಪ್ಪತ್ತೈದು ವರ್ಷದ ಮೇಲಾಯಿತು. ಹನ್ನೆರಡು ವರ್ಷದ ಹಿಂದೆ, ಇದೇ ದಾರಿಯಲ್ಲಿ, ಗಾಳಿಗೆ ಸಿಕ್ಕ ವಿಮಾನ ಒಮ್ಮೆಲೇ ಕುಸಿಯಿತು. ಊಟದ ಗಾಡಿ ಚಾವಣಿಗೆ ಹಾರಿ ಅವರ ಮೇಲೇ ಬಿತ್ತು. ಕತ್ತಿನ ಬುಡದ ಮೂಳೆ ಮುರಿಯಿತು.

“ಮೂಳೆ ಕೂಡ್ತು. ಎದೆ ಕೂಡ್ಲಿಲ್ಲ,” ಎನ್ನುತ್ತಾರೆ. “ಕೆಳಗೆ ಟಿಕೆಟ್ ಕೌಂಟರಿನಲ್ಲಿ ಕೆಲಸ ಕೊಟ್ರು. ಸ್ವಲ್ಪ ದಿನ ಕೂತೆ. ಒಂದೊಂದು ವಿಮಾನ ಮೇಲಕ್ಕೆದ್ದಾಗಲೂ ಒಳಗಿರೋರಿಗೆ ಏನಾಗ್ತಿದೆಯೋ ಅಂತ ಕೆಳಗೆ ಕೂತು ನಡುಗೋದು ಇನ್ನೂ ಕಷ್ಟ. ವಾಪಸ್ ಬಂದ್ಬಿಟ್ಟೆ.”

ಈ ಭಯ ಇಂದಿನವರೆಗೂ ಗೊತ್ತಿದ್ದದ್ದು ಟ್ರಾಮ್ ಓಡಿಸುವ ಗಂಡ ಸ್ತ್ಯೆಪಾನ್‌ಗೆ ಮಾತ್ರ. “ಇವಳು ಹಿಟ್ಟು ನಾದೋಕೆ ಕೂತ್ಲು ಅಂದ್ರೆ ನಾಳೆ ಕರಾವಳೀಲಿ ಗಾಳಿ ಅಂತಲೇ ಲೆಕ್ಕ. ಚಳಿಗಾಲವೆಲ್ಲ ನಾನು ತಿನ್ನೋ ಸೇಬಿನ ಸ್ಟ್ರೂಡಲ್ ಇವಳ ಹೆದರಿಕೇದೇ.”

ವಿಮಾನ ಏರುವಾಗ, ಇಳಿಯುವಾಗ ಅವರ ಪುಟ್ಟ ಸೀಟು ಪ್ರಯಾಣಿಕರಿಗೆ ಎದುರಾಗಿರುತ್ತದೆ. ವಿಮಾನ ಅಲುಗಾಡಿದರೆ ಎಲ್ಲರ ಕಣ್ಣೂ ಅವರ ಮುಖದ ಮೇಲೆ. “ನನ್ನ ಮುಖ ಇಳಿದ್ರೆ ಅಷ್ಟೂ ಜನರ ಜೀವ ಇಳಿಯುತ್ತೆ. ಅದಕ್ಕೇ ನಗ್ತೀನಿ. ನಗೋಕೆ ಎಷ್ಟು ಶಕ್ತಿ ಬೇಕು ಅಂತ ಕೇಳ್ಬೇಡಿ.”

ಇಂದು ಅವರ ಮೊಣಕಾಲಿಗೆ ತಾಗುವಷ್ಟು ಹತ್ತಿರ, ಮೊದಲ ಸಾಲಿನಲ್ಲಿ, ಮಾರೆ ಎಂಬ ಅಜ್ಜಿ ಜಪಸರ ಹಿಡಿದು ಕೂತಿದ್ದಾರೆ. ಆಸ್ಪತ್ರೆಯಲ್ಲಿ ಎದೆನೋವಿಗೆ ತೋರಿಸಿಕೊಂಡು ಊರಿಗೆ ಹೊರಟವರು. ಅವರ ಪಕ್ಕದಲ್ಲಿ ದೋರಾ ಎಂಬ ಪುಟ್ಟ ಹುಡುಗಿ. ಜೊತೆ ಸೀಟು ಸಿಗದೆ ಅಪ್ಪ ಡಾವೋರ್ ತೀರಾ ಹಿಂದೆ ಕೂತಿದ್ದಾನೆ.

ಕೆಳಗೆ ಸಮುದ್ರ ನೊರೆಗಟ್ಟಿ ಬೆಳ್ಳಗಾಗಿದೆ. ಇಳಿಯತೊಡಗಿದ್ದೇ ತಡ, ಗಾಳಿ ವಿಮಾನವನ್ನು ಎತ್ತಿ ಎತ್ತಿ ಹಾಕುತ್ತದೆ. ರನ್‌ವೇ ಕಂಡಿತು ಎನ್ನುವಾಗ ವಿಮಾನ ಪಕ್ಕಕ್ಕೆ ವಾಲುತ್ತದೆ, ಎಂಜಿನ್ ಅಬ್ಬರಿಸುತ್ತದೆ, ನೆಲ ಮತ್ತೆ ದೂರವಾಗುತ್ತದೆ. ಯಾರೋ ಕಿರುಚುತ್ತಾರೆ. ನೆವೆಂಕಾ ನಗುತ್ತಲೇ ಇದ್ದಾರೆ.

ಎರಡನೆಯ ಪ್ರಯತ್ನ ಇನ್ನೂ ಕೆಟ್ಟದು. “ಅಪ್ಪಾ!” ಎಂದು ದೋರಾ ಚೀರಿದ್ದೇ, ಡಾವೋರ್ ಬೆಲ್ಟು ಬಿಚ್ಚಿ ಎದ್ದು, ಸೀಟುಗಳನ್ನು ಹಿಡಿದು ಮುಂದಕ್ಕೆ ಬರತೊಡಗುತ್ತಾನೆ.

“ಕೂತ್ಕೊಳ್ಳಿ ಸರ್! ಕೂತ್ಕೊಳ್ಳಿ!”

“ಮಗಳು ಅಳ್ತಿದಾಳೆ! ನಿಮಗೇನ್ರೀ, ದಿನಾ ಅಭ್ಯಾಸ, ಹಲ್ಲು ಕಿರಿದು ಕೂತಿದೀರಿ!”

ನೆವೆಂಕಾರ ನಗು ಅಳಿಸಿಹೋಗುತ್ತದೆ. “ಅಭ್ಯಾಸವಾ? ನನಗೂ ಜೀವ ಹೋಗ್ತಿದೆ ಕಣಪ್ಪಾ! ಇದೇ ದಾರೀಲಿ ನನ್ನ ಮೂಳೆ ಮುರಿದಿದೆ! ನೀನು ಎಗರಿದ್ರೆ ಬೀಳೋದು ನಿನ್ನ ಮಗಳ ಮೇಲೇನೇ. ಆ ಖಾಲಿ ಸೀಟಲ್ಲಿ ಕೂತ್ಕೋ! ಮಗೂನ ನಾನು ನೋಡ್ಕೋತೀನಿ!”

ಅವನು ಕುಸಿದು ಕೂರುತ್ತಾನೆ. ಬೆಲ್ಟು ಸಿಕ್ಕಿಸುತ್ತಾನೆ. ಮರುಕ್ಷಣವೇ ವಿಮಾನ ಬಾವಿಗೆ ಬಿದ್ದ ಕೊಡದಂತೆ ಕುಸಿಯುತ್ತದೆ. ಅವನು ನಿಂತಿದ್ದ ಜಾಗಕ್ಕೆ ಮೇಲಿನಿಂದ ಒಂದು ಪೆಟ್ಟಿಗೆ ಬಂದು ಅಪ್ಪಳಿಸುತ್ತದೆ.

“ಪುಟ್ಟಾ, ನನ್ನ ನೋಡು. ಎಷ್ಟು ಭಯ ಆಗ್ತಿದೆ?”

“ತುಂಬಾ.”

“ನನಗೂ ಅಷ್ಟೇ. ಅಜ್ಜಿ ಕೈ ಹಿಡ್ಕೋ. ಮೂವರೂ ಒಟ್ಟಿಗೇ ಹೆದರೋಣ.”

ಕ್ಯಾಪ್ಟನ್ ಮೂರನೆಯ ಸಲಕ್ಕೆ ಕೈ ಹಾಕದೆ ಸ್ಪ್ಲಿಟ್ ಕಡೆಗೆ ತಿರುಗಿಸುತ್ತಾರೆ. ಚಕ್ರ ನೆಲ ಮುಟ್ಟಿದಾಗ ಚಪ್ಪಾಳೆ ತಟ್ಟುವ ಶಕ್ತಿಯೂ ಯಾರಿಗೂ ಉಳಿದಿಲ್ಲ.

ಗಾಳಿ ತಗ್ಗಿದರೆ ಇದೇ ವಿಮಾನ, ಬೇಡವೆಂದವರಿಗೆ ಬಸ್ಸು ಎನ್ನುತ್ತಾರೆ ನಿಲ್ದಾಣದವರು. ಅರ್ಧಕ್ಕಿಂತ ಹೆಚ್ಚು ಜನ ಬಸ್ಸಿನತ್ತ ನಡೆಯುತ್ತಾರೆ. ಮಗಳನ್ನು ಎತ್ತಿಕೊಂಡ ಡಾವೋರ್ ನೆವೆಂಕಾರ ಭುಜ ಒತ್ತಿ ಹೋಗುತ್ತಾನೆ. ಹನ್ನೆರಡು ವರ್ಷ ಮುಚ್ಚಿಟ್ಟ ಮಾತನ್ನು ಎಲ್ಲರೆದುರು ಕೂಗಿ ಹೇಳಿದ್ದಾಗಿದೆ. ಕೆಲಸ ಉಳಿಯುತ್ತದೋ ಇಲ್ಲವೋ ಎಂಬ ಹೊಸ ಹೆದರಿಕೆ ಅವರಿಗೆ ಈಗ ಶುರುವಾಗಿದೆ. ಕ್ಯಾಪ್ಟನ್ ಬಂದು ನೀರಿನ ಲೋಟ ಕೈಗಿಡುತ್ತಾರೆ. “ನನ್ನ ಅಂಗಿ ನೋಡಿ ತೆತಾ, ಬೆವರಿಗೆ ಒದ್ದೆ. ಕಾಕ್‌ಪಿಟ್ ಬಾಗಿಲು ಮುಚ್ಚಿರುತ್ತಲ್ಲ, ನನ್ನ ಮುಖ ಯಾರೂ ನೋಡಲ್ಲ ಅಷ್ಟೇ.”

ಮಾರೆ ಅಜ್ಜಿ ಜಾಗ ಬಿಟ್ಟು ಕದಲಿಲ್ಲ. “ನೀನು ಬರ್ತೀಯೇನಮ್ಮಾ?”

“ಬರ್ಲೇಬೇಕಲ್ಲ ಅಜ್ಜಿ.”

“ಹಾಗಾದ್ರೆ ನಾನೂ ಇದರಲ್ಲೇ. ಹೆದರೋರು ಹುಷಾರಾಗಿರ್ತಾರೆ.”

ಮಧ್ಯಾಹ್ನ ಗಾಳಿ ಸ್ವಲ್ಪ ಇಳಿಯುತ್ತದೆ. ಮತ್ತೆ ಹಾರಾಟ, ಮತ್ತೆ ಅದೇ ನೊರೆಗಟ್ಟಿದ ನೀರು. ವಿಮಾನ ವಾಲಿದಾಗಲೆಲ್ಲ ನೆವೆಂಕಾರ ಕಣ್ಣು ಒಂದು ಕ್ಷಣ ಮುಚ್ಚುತ್ತದೆ. ಇಂದು ಅದನ್ನು ಅವರು ಮರೆಮಾಚುವುದಿಲ್ಲ. ಚಕ್ರ ಎರಡು ಸಲ ಪುಟಿದು ಡುಬ್ರೊವ್ನಿಕ್‌ನ ನೆಲ ಹಿಡಿಯುತ್ತದೆ. ಇಳಿಯುವಾಗ ಅಜ್ಜಿ ಬಾಗಿಲಲ್ಲಿ ನಿಂತು, ಮತ್ತೆ ಆಸ್ಪತ್ರೆಗೆ ಹೋಗುವುದಿದೆ, ನಿನ್ನ ಪಾಳಿ ಯಾವ ದಿನ ಹೇಳು ಎಂದು ಕೇಳುತ್ತಾರೆ.

ಇದನ್ನೆಲ್ಲ ನಮ್ಮ ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಕೇಳಿದರೆ ನೆವೆಂಕಾ ಭುಜ ಕುಣಿಸುತ್ತಾರೆ. “ಬರೀರಿ. ಇಡೀ ವಿಮಾನವೇ ಕೇಳಿಸ್ಕೊಂಡಿದೆ, ಇನ್ನು ಮುಚ್ಚಿಡೋಕೆ ಏನಿದೆ?”

ಸಂಜೆ ಝಾಗ್ರೆಬ್‌ಗೆ ಮರಳಿ, ಮನೆಯಲ್ಲಿ, ಕೋಟೂ ಬಿಚ್ಚದೆ, ಗಂಡನ ಮುಂದೆ ನಿಲ್ಲುತ್ತಾರೆ. “ನನ್ನ ಪಾಳಿ ಕೇಳಿ ಟಿಕೆಟ್ ತಗೊಳ್ಳೋರು ಇದಾರೆ, ಗೊತ್ತಾ? ನಿನ್ನ ಟ್ರಾಮಲ್ಲಿ ಒಬ್ರಾದ್ರೂ ಹಾಗೆ ಕೇಳಿದಾರಾ?”